ಮೂರು ದೇಶದ ಪ್ರವಾಸ, ಮುಕ್ಕುಂದದ ಹೊಳೆಯವರೆಗೆ

ಲಿಂಗಸುಗೂರಿನ ಬಜಾರದಲ್ಲಿ ಬಟ್ಟೆ ಅಂಗಡಿ ನಡೆಸಿ, ಮದುವೆ ಮನೆಯವರ ಜೊತೆ ದಿನವಿಡೀ ಚೌಕಾಶಿ ಮಾಡಿ, ಸಂಜೆಗೆ ಅವರನ್ನು ನಗಿಸಿ ಕಳಿಸಿದ ಮನುಷ್ಯನಿಗೆ ಈ ಜಗತ್ತಿನಲ್ಲಿ ಕಷ್ಟದ ಕೆಲಸ ಯಾವುದೂ ಉಳಿದಿರುವುದಿಲ್ಲ ಎಂದು ನಾನು ನಂಬಿದ್ದೆ. ಆದ್ದರಿಂದ ಹೆಂಡತಿಯನ್ನು ಕರೆದುಕೊಂಡು ಮೂರು ಪರದೇಶ ಸುತ್ತಿ ಬರುವುದೆಂದರೆ ನನಗೆ ಮಾಂಜರಪಾಟ ಬಟ್ಟೆ ಅಳೆದು ಹರಿದುಕೊಟ್ಟಷ್ಟೇ ಸುಲಭವಾಗಿ ಕಂಡಿತು.

ಆಗ ನಿಜಾಮರ ರಾಜ್ಯ ಹೋಗಿ ಇನ್ನೂ ಕೆಲವೇ ವರ್ಷವಾಗಿತ್ತು. ನಮ್ಮ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದವಳು ಬಹಳ ಕಾಲ ಹಾಗೇ ಇದ್ದಳು. ಅವಳಿಗೆ ಉಣಿಸಿ, ಮೈ ತೊಳೆಸಿ, ಮಗ್ಗುಲು ಬದಲಿಸಿ ನೋಡಿಕೊಂಡವಳು ನನ್ನ ಹೆಂಡತಿ ನೀಲಮ್ಮ. ಅವ್ವ ತೀರಿಕೊಂಡು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ನಾನು ದೊಡ್ಡ ಮನಸ್ಸು ಮಾಡಿ ಕೇಳಿದೆ.

"ನೀಲಾ, ನಿನಗೊಂದು ಛಲೋ ಇಳಕಲ್ ಸೀರಿ ತರಿಸ್ಲೇನು?"

ಅವಳು ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸೀರಿ ಅಂಗಡಿ ತುಂಬ ಅದಾವಲ್ರೀ. ಎಲ್ಲೆರ ದೂರ ಹೋಗಿ ಬರೋಣು. ನಮ್ಮ ಗುರ್ತ ಇರಾವ್ರು ಒಬ್ರೂ ಇರಬಾರ್ದು, ಅಂಥಲ್ಲಿ."

ಹೌದಲ್ಲ ಅನ್ನಿಸಿತು. ಅವಳ ಪ್ರಪಂಚವೆಂದರೆ ಮೂರು ಊರು. ತವರು ಮಸ್ಕಿ, ಅಕ್ಕನನ್ನು ಕೊಟ್ಟ ಸಿಂಧನೂರು, ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಲಿಂಗಸುಗೂರು. ಮಸ್ಕಿಯಲ್ಲಿ ಅವಳು ಮಾಸ್ತರರ ಮಗಳು, ಸಿಂಧನೂರಿನಲ್ಲಿ ಬಸಮ್ಮನ ತಂಗಿ, ನಮ್ಮೂರಲ್ಲಿ ಸಾವಕಾರನ ಹೆಂಡತಿ. ಹೆಸರಿಟ್ಟು ಕರೆಯುವವನು ನಾನೊಬ್ಬ. ಅದೂ ನೀರು ಬೇಕಾದಾಗ.

ನನ್ನ ಕರುಳು ಚುರುಕ್ ಎಂದಿತು. ಆ ಭರದಲ್ಲಿ ಘೋಷಿಸಿಯೇ ಬಿಟ್ಟೆ. "ದೂರ ಅಂದ್ರ ದೂರನ ಹೋಗೋಣು. ಗೋವಾ ಪೋರ್ಚುಗೀಸರದು. ಪಾಂಡಿಚೇರಿ ಫ್ರೆಂಚರದು. ಅಲ್ಲಿಂದ ಹಡಗ ಹತ್ತಿ ಲಂಕಾ. ಒಂದ ಪ್ರವಾಸ, ಮೂರು ದೇಶ."

"ಲಂಕಾಕ್ಕ ಹೋದ ಹೆಣ್ಮಕ್ಳ ಪಾಡು ನಾನೂ ಕೇಳೀನ್ರಿ," ಎಂದಳು ನೀಲಮ್ಮ. ಆದರೆ ಬೇಳೆ ಆರಿಸುವ ಕೈ ನಿಂತಿತ್ತು. ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು. ಇನ್ನು ಹಿಂದೆ ಸರಿಯುವ ದಾರಿ ನನಗಿರಲಿಲ್ಲ.

ಪೂರ್ವಸಿದ್ಧತೆಯ ಸಲಹೆಗಾರರಾಗಿ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಖಾಜಾಸಾಬರು ನೇಮಕವಾದರು. ಪ್ರಾಯದಲ್ಲಿ ಫೌಜಿಗೆ ಸೇರಿ ಹಡಗಿನಲ್ಲಿ ಬಸ್ರಾಕ್ಕೆ ಹೋಗಿ ಬಂದವರು ಅವರು. ಪರದೇಶದಲ್ಲಿ ಧೋತರ ನಡೆಯುವುದಿಲ್ಲವೆಂದು ನನಗೊಂದು ಪಾಟಲೂನು ಹೊಲಿದುಕೊಟ್ಟರು. ಅದರೊಳಗೆ ಇನ್ನೊಬ್ಬ ಸಾವಕಾರ ಆರಾಮಾಗಿ ಹಿಡಿಸುತ್ತಿದ್ದ.

"ಪರದೇಶದಾಗ ಊಟ ಜಾಸ್ತಿ ಆಕೈತಿ ಸಾವಕಾರ್ರ, ಸಡ್ಲ ಇರ್ಲಿ," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಹಡಗಿನ್ಯಾಗ ಹೊಟ್ಟಿ ತೊಳಸ್ತೈತ್ರಿ. ಎಂಥೆಂಥಾ ಪೈಲ್ವಾನರು ಅವ್ವಾ ಅಂತ ಅತ್ತಾರ. ಅಕ್ಕಾರು ತಡಕೊಂತಾರೇನು, ನೋಡಿಕೊಳ್ರಿ," ಎಂದರು.

ನನ್ನ ವ್ಯವಹಾರ ಬುದ್ಧಿ ಜಾಗೃತವಾಯಿತು. ಯಾವುದನ್ನೂ ಪರೀಕ್ಷೆ ಮಾಡದೆ ತೆಗೆದುಕೊಳ್ಳಬಾರದು. ಮುಕ್ಕುಂದದ ಹತ್ತಿರ ತುಂಗಭದ್ರೆಯಲ್ಲಿ ಹರಗೋಲು ಓಡಾಡುತ್ತಿತ್ತು. ಮಳೆಗಾಲ ಮುಗಿದು ಹೊಳೆ ಇನ್ನೂ ತುಂಬಿತ್ತು. ಅದರಲ್ಲಿ ನೀಲಮ್ಮನನ್ನು ಒಂದು ಸಲ ಕೂರಿಸಿ ಆಚೆ ದಂಡೆಗೆ ಹೋಗಿ ಬಂದರೆ ಅವಳ ಹೊಟ್ಟೆಯ ಯೋಗ್ಯತೆ ತಿಳಿಯುತ್ತದೆ. ಪರೀಕ್ಷೆ ಪಕ್ಕಾ ಇರಲೆಂದು ಟ್ರಂಕು, ಹಾಸಿಗೆ ಸುರುಳಿ, ನನ್ನ ಮೈಮೇಲೆ ಪಾಟಲೂನು ಎಲ್ಲ ಸಮೇತ ಹೊರಟೆವು.

ಬಸ್ಸು ಮಸ್ಕಿಯಲ್ಲಿ ನಿಂತಿತು. ಟ್ರಂಕು ಕಂಡ ನಮ್ಮ ಅತ್ತೆ, ಮಗಳು ಇವತ್ತೇ ಲಂಕೆಗೆ ಹೊರಟಳೆಂದು ತಿಳಿದು ಅಪ್ಪಿಕೊಂಡು ಅತ್ತರು. ಇದು ಬರೀ ಪರೀಕ್ಷೆ ಎಂದು ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಅದರೊಳಗೆ ಒಂದು ಕರ್ಚಿಕಾಯಿ ಬಂದು ಕೂರುತ್ತಿತ್ತು. ಸಿಂಧನೂರಿನಲ್ಲಿ ಬಸಮ್ಮ ಓಣಿಯವರನ್ನೆಲ್ಲ ಕೂಡಿಸಿ ಆರತಿ ಬೆಳಗಿದಳು. ಅಷ್ಟು ಜನರ ಮುಂದೆ, ನಾವು ಹೊಳೆ ದಾಟಿ ನಾಳೆ ವಾಪಸು ಬರುತ್ತೇವೆ ಎನ್ನುವುದು ಹೇಗೆ? ಗಂಭೀರವಾಗಿ ಕೈಮುಗಿದೆ. ಟ್ರಂಕಿನ ತುಂಬ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಉಪ್ಪಿನಕಾಯಿ ಭರಣಿ ಸೇರಿಕೊಂಡವು.

ಮುಕ್ಕುಂದದಲ್ಲಿ ಅಂಬಿಗ ನಮ್ಮ ಸಾಮಾನು ನೋಡಿ, "ಎಲ್ಲಿಗ್ರಿ?" ಎಂದ.

"ಸಮುದ್ರಕ್ಕ," ಎಂದಳು ನೀಲಮ್ಮ, ಸಂತೋಷದಲ್ಲಿ.

ಅವನು ಹುಟ್ಟು ಹಾಕತೊಡಗಿದ. ಹರಗೋಲು ದೋಣಿಯಂತೆ ನೆಟ್ಟಗೆ ಹೋಗುವುದಿಲ್ಲ. ಬುಟ್ಟಿಯಂತೆ ಗುಂಡಗಿರುವುದರಿಂದ ತಿರುಗುತ್ತ ಹೋಗುತ್ತದೆ. ನಾನು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತಿದ್ದೆ, ಯಾವಾಗ ಬಿಳುಚುತ್ತದೆಯೋ ಎಂದು. ಅವಳು ನೀರಿಗೆ ಕೈ ಇಳಿಬಿಟ್ಟು ನಗುತ್ತಿದ್ದಳು. ಹಾಗೆ ಅವಳು ನಕ್ಕಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಇನ್ನಷ್ಟು ನೋಡಬೇಕು ಅಂದುಕೊಳ್ಳುವಷ್ಟರಲ್ಲಿ ಆ ನಗು, ಅಂಬಿಗ, ಆಕಾಶ, ಎರಡೂ ದಂಡೆ ಎಲ್ಲ ಕೂಡಿ ಗಿರಗಿರ ತಿರುಗತೊಡಗಿದವು. ಅತ್ತೆಯ ಕರ್ಚಿಕಾಯಿಗಳು ಹೊಟ್ಟೆಯೊಳಗೆ ಒಂದೊಂದಾಗಿ ಎದ್ದು ನಿಂತವು.

"ಏಳಬ್ಯಾಡ್ರಿ ಸಾವಕಾರ್ರ," ಎಂದ ಅಂಬಿಗ.

ಕುಳಿತಲ್ಲೇ ವಾಂತಿ ಮಾಡಿಕೊಳ್ಳುವುದು ನನ್ನ ಅಂತಸ್ತಿಗೆ ಸರಿಯಲ್ಲವೆಂದು ಎದ್ದೆ. ಹರಗೋಲು ವಾಲಿತು. ಮೊದಲು ಟ್ರಂಕು ಹೋಯಿತು. ಅದರ ಹಿಂದೆ ಹಾಸಿಗೆ. ಅದರ ಹಿಂದೆ ನಾನು.

ಮುಳುಗಿದೆ, ಎದ್ದೆ, ಮತ್ತೆ ಮುಳುಗಿದೆ. ಮಕ್ಕಳಿಲ್ಲದ ನೀಲಮ್ಮನಿಗೆ ಇನ್ನು ಯಾರು ದಿಕ್ಕು ಎಂದುಕೊಂಡು ನಿಜಕ್ಕೂ ದುಃಖ ಬಂತು. "ನೀಲಾ, ಅಂಗಡಿ ಮಾರಬ್ಯಾಡ," ಎಂದು ಕೂಗಿದೆ.

"ಎದ್ದು ನಿಂದರ್ರಿ," ಎಂದು ಅವಳು ಮೇಲಿನಿಂದ ಕೂಗಿದಳು. "ರೀ, ಕಾಲ ಊರಿ ನಿಂದರ್ರಿ."

ನಿಂತೆ. ಆಚೆ ದಂಡೆ ಹತ್ತಿರ ಬಂದಿತ್ತು. ನೀರು ಸೊಂಟದವರೆಗಿತ್ತು. ಪಾಟಲೂನು ಮಾತ್ರ ಸೊಂಟದಲ್ಲಿರಲಿಲ್ಲ. ಟ್ರಂಕಿನ ಜೊತೆಯಲ್ಲೇ ಪ್ರವಾಹ ಹಿಡಿದು ಹೊರಟಿತ್ತು.

ಅಂಬಿಗ ಅವೆರಡನ್ನೂ ನೋಡುತ್ತ, "ನಿಮ್ಮಕಿಂತ ಮೊದ್ಲ ಅವು ಸಮುದ್ರಾ ನೋಡ್ತಾವ ಬಿಡ್ರಿ," ಎಂದ.

ದಂಡೆಯ ಮೇಲೆ ಒಂದು ಗುಡಿಸಲು. ಅದರಲ್ಲೊಬ್ಬ ಮುದುಕಿ. ನನ್ನ ಅವಸ್ಥೆ ನೋಡಿ ಆಕೆ ಒಳಗೆ ಹೋಗಿ ತನ್ನದೊಂದು ಹಳೇ ಕೆಂಪು ಸೀರೆ ತಂದು ಎಸೆದಳು. ಊರಿಗೆಲ್ಲ ಸೀರೆ ಮಾರುವ ನಾನು ಕಲ್ಲಿನ ಮರೆಯಲ್ಲಿ ನಿಂತು ಅದನ್ನು ಸುತ್ತಿಕೊಂಡೆ. ಒಳ್ಳೆಯ ನೂಲು, ಗಟ್ಟಿ ಬಣ್ಣ ಎಂದು ಆ ಹೊತ್ತಿನಲ್ಲೂ ನನಗೆ ಗೊತ್ತಾಯಿತು.

ಮುದುಕಿ ಬಿಸಿ ರೊಟ್ಟಿ, ಪುಂಡಿಪಲ್ಯೆ ಕೊಟ್ಟು ನನ್ನ ಹೆಂಡತಿಯ ಎದುರು ಕೂತಳು. "ನಿನ್ನ ಹೆಸರೇನವ್ವ?"

ನೀಲಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು, ಪ್ರಶ್ನೆ ತನಗೇ ಹೌದೋ ಅಲ್ಲವೋ ಎಂಬಂತೆ. ಆಮೇಲೆ, "ನೀಲಮ್ಮ," ಎಂದಳು. ಯಾರ ಮಗಳು, ಯಾರ ಹೆಂಡತಿ ಎಂದು ಮುದುಕಿ ಕೇಳಲಿಲ್ಲ. "ಉಣ್ಣು ನೀಲವ್ವ, ಇನ್ನೊಂದು ರೊಟ್ಟಿ ಹಾಕ್ಕೋ," ಎಂದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಮೂಲೆಯಲ್ಲಿದ್ದೆ.

ಹೊರಡುವಾಗ ನೀಲಮ್ಮ ಸಂಚಿಯಿಂದ ನಾಣ್ಯ ತೆಗೆದಳು. ಮುದುಕಿ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಇದು ನಿಮ್ಮ ಕಡಿ ಹಾಲಿ ಸಿಕ್ಕಾ, ನಿಜಾಮನ ರೊಕ್ಕ. ಇಲ್ಲಿ ಮದ್ರಾಸ ಸರ್ಕಾರ, ಇದು ನಡಿಯಂಗಿಲ್ಲವ್ವ. ನಡದ್ರೂ ಉಂಡಿದ್ದಕ್ಕ ಯಾರ ರೊಕ್ಕ ತೊಗೊಂತಾರ?"

ನೀಲಮ್ಮ ನನ್ನ ತೋಳು ಹಿಡಿದು ಅಲುಗಿಸಿದಳು. "ಕೇಳಿದ್ರೇನ್ರಿ? ನಮ್ಮ ರೊಕ್ಕ ಇಲ್ಲಿ ನಡಿಯಂಗಿಲ್ಲಂತ. ಇದು ಪರದೇಶನ ಆತಲ್ರೀ."

ವಾಪಸು ಬರುವಾಗ ನಾನು ಹರಗೋಲಿನ ತಳದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಈಚೆ ದಂಡೆಯಲ್ಲಿ ಸುಂಕದ ನಾಕೆ ಇತ್ತು. ಜವಾನ ತಡೆದ.

"ಆಚಿಂದ ಏನ್ ತಂದೀರಿ?"

"ಏನೂ ಇಲ್ರೀ," ಎಂದೆ.

"ಈ ಸೀರಿ?"

"ಉಟ್ಕೊಂಡೀನ್ರಿ."

"ಅದು ಕಾಣತೈತ್ರಿ. ನಿಮ್ಮ ಉದ್ಯೋಗ?"

"ಬಟ್ಟಿ ವ್ಯಾಪಾರ."

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಮರುಕದಿಂದ ದಾರಿಯ ಅಡ್ಡಗಟ್ಟಿಗೆ ಎತ್ತಿ ಬಿಟ್ಟುಕೊಟ್ಟ.

ಸಿಂಧನೂರಿನಲ್ಲಿ ಆರತಿ ಬೆಳಗಿದ ಅದೇ ಬಾಗಿಲಿಗೆ ಸೀರೆಯಲ್ಲಿ ಹೋಗಿ ನಿಂತೆ. ಬಸಮ್ಮ ಕಣ್ಣರಳಿಸಿ, "ಇಷ್ಟ ಲಗೂನ ಮೂರೂ ದೇಶ ಮುಗಿದ್ವೇನು?" ಎಂದಳು. ಅವಳ ಗಂಡ ಒಳಗಿನಿಂದ ಒಂದು ಧೋತರ ತಂದುಕೊಟ್ಟ. ಆ ಉಪಕಾರ ನಾನು ಮರೆತಿಲ್ಲ.

ಮುಂದಿನ ವರ್ಷ ಖಂಡಿತ ಹೋಗೋಣವೆಂದೆ. ಅಂಗಡಿ, ಸುಗ್ಗಿ, ಮದುವೆಗಳ ಹಂಗಾಮು ಅನ್ನುತ್ತ ವರ್ಷಗಳು ಸರಿದವು. ಅಷ್ಟರಲ್ಲಿ ಪಾಂಡಿಚೇರಿಯಿಂದ ಫ್ರೆಂಚರೇ ಹೊರಟುಹೋದರು. ಗೋವಾದ ದಾರಿ ಬಂದ್ ಆಯಿತು. ನಾವು ಮಾತ್ರ ಪ್ರತಿ ವರ್ಷ ಹೊಳೆ ತುಂಬಿದಾಗ ಮುಕ್ಕುಂದಕ್ಕೆ ಹೋಗಿ, ಹರಗೋಲು ಹತ್ತಿ, ಆ ಮುದುಕಿಯ ಮನೆಯಲ್ಲಿ ಉಂಡು ಬರುತ್ತಿದ್ದೆವು. "ಬಂದ್ಯಾ ನೀಲವ್ವ?" ಎಂದು ಆಕೆ ಕೂಗಿದ ಕೂಡಲೆ ನನ್ನ ಹೆಂಡತಿ ನನ್ನನ್ನು ದಂಡೆಯಲ್ಲೇ ಬಿಟ್ಟು ಓಡುತ್ತಿದ್ದಳು.

ಕೊನೆಗೆ ಕನ್ನಡದ ಜಿಲ್ಲೆಗಳೆಲ್ಲ ಕೂಡಿ ಒಂದೇ ರಾಜ್ಯವಾದವು. ಆಚೆ ದಂಡೆಯೂ ನಮ್ಮದೇ ಎಂದು ಪತ್ರಿಕೆಯಲ್ಲಿ ಓದಿ ಹೇಳಿದೆ. ಬಜಾರದಲ್ಲಿ ಸಕ್ಕರೆ ಹಂಚುತ್ತಿದ್ದರು. ನೀಲಮ್ಮನಿಗೂ ಸಂತೋಷವೇ. ಆದರೂ ಸಕ್ಕರೆಯ ಪೊಟ್ಟಣ ಬಿಚ್ಚುತ್ತ ಅಂದಳು.

"ನೀವು ತೋರಿಸಿದ್ದು ಒಂದ ಪರದೇಶ. ಅದನ್ನೂ ಸರ್ಕಾರ ನಮ್ಮೂರಿಗೆ ಸೇರಿಸ್ತು."

"ಲಂಕಾ ಐತಲ್ಲ ನೀಲಾ," ಎಂದೆ ಹುರುಪಿನಿಂದ. "ಅದೆಲ್ಲೂ ಹೋಗಿಲ್ಲ."

ಅವಳು ನನ್ನ ಕೈಗೆ ಸಕ್ಕರೆ ಹಾಕಿ, ಬೆರಳು ಮಡಚಿ ಮುಚ್ಚಿದಳು.

"ಹೋಗೋಣಂತ. ಮೊದ್ಲ ಹರಗೋಲದಾಗ ಕಣ್ಣು ತೆರಕೊಂಡು ಕುಂದ್ರಾಕ ಕಲೀರಿ."