ಒಂಟಿ ಹಾರಾಟಕ್ಕೆ ತಕ್ಕ ತೂಕ

ತೂಕದ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿದ್ದೇ ತಡ, ವಿಮಾನದ ಷೆಡ್ಡಿನಲ್ಲಿದ್ದವರೆಲ್ಲ ಹಲ್ಲಿನ ಡಾಕ್ಟರಮ್ಮನ ಕಡೆ ತಿರುಗಿದರು.

"ಮೂರು ಕಿಲೋ ಜಾಸ್ತಿ, ಮೇಡಂ. ಇಬ್ಬರದೂ ಸೇರಿ" ಎಂದ ಮೆಕ್ಯಾನಿಕ್.

ಇಬ್ಬರದೂ ಸೇರಿ! ಆ ಇಬ್ಬರಲ್ಲಿ ಇನ್ನೊಬ್ಬರು ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು. ಯಂತ್ರದ ಮೇಲೆ ಮೊದಲು ಅವರ ಹೊಟ್ಟೆ ಹತ್ತುತ್ತಿತ್ತು, ಆಮೇಲೆ ಅವರು. ಆದರೂ ಅತ್ತ ಒಬ್ಬರೂ ನೋಡಲಿಲ್ಲ.

"ರಾತ್ರಿ ಊಟ ಬಿಡಿ ಡಾಕ್ಟ್ರೇ ಅಂತ ಎಷ್ಟು ಬಡ್ಕೊಂಡೆ" ಎಂದರು ಮೇಷ್ಟ್ರು.

"ಬಿಟ್ಟು ಆರು ತಿಂಗಳಾಯ್ತು ಸರ್! ನನ್ನ ಬಟ್ಟೆಯೆಲ್ಲ ಮೊಳೆಗೆ ನೇತುಹಾಕಿದ ಹಾಗಿದೆ. ಸ್ವಲ್ಪ ಪೆಟ್ರೋಲ್ ಇಳಿಸಿದ್ರೆ ಆಗಲ್ವಾ?"

"ಮೇಲೆ ಯಾರು ಬಂಕ್ ಇಟ್ಕೊಂಡು ಕೂತಿದ್ದಾರೆ?"

ಡಾಕ್ಟರಮ್ಮ ತುಟಿ ಕಚ್ಚಿದಳು. ಮೇಷ್ಟ್ರ ಜೊತೆ ಮೂರು ಸುತ್ತು ಸರಿಯಾಗಿ ಹಾರಿದರೆ ಅವರು ಇಳಿದುಬಿಡುತ್ತಾರೆ, ನಾಲ್ಕನೆಯದು ಅವಳದೊಬ್ಬಳದೇ. ಅವಳಿಗೆ ಬೇಕಾಗಿದ್ದುದು ಅಷ್ಟೇ: ಒಂದೇ ಒಂದು ಸಲ, ಕಿವಿಯಲ್ಲಿ ಮೇಷ್ಟ್ರ ದನಿಯಿಲ್ಲದೆ ಆಕಾಶದಲ್ಲಿರುವುದು. ದಿನವಿಡೀ ಊರವರಿಗೆಲ್ಲ "ಬಾಯಿ ತೆಗೀರಿ" ಎನ್ನುವವಳಿಗೆ, ತೆಗೆದ ಬಾಯಿ ಮುಚ್ಚದ ಇಂಥವರು ಇನ್ನೊಬ್ಬರು ಸಿಕ್ಕಿರಲಿಲ್ಲ.

ಜಾಕೆಟ್ ಕಳಚಿದಳು. ಬೂಟು ಹೋಗಿ ತೆಳು ಚಪ್ಪಲಿ ಬಂತು. ಫೋಟೋ ತೆಗೆಯಲೆಂದು ಬಂದಿದ್ದ ನಾದಿನಿ, "ಅತ್ತಿಗೆ, ಬಳೆನೂ ತೆಗೀರಿ, ಓಲೆನೂ" ಎಂದು ಒಂದೊಂದನ್ನೇ ಕಿತ್ತುಕೊಂಡಳು. ಕೈಚೀಲ ಹೋಯಿತು, ಅದರೊಳಗಿನ ಊಟದ ಡಬ್ಬಿಯೂ ಹೋಯಿತು. ಮತ್ತೆ ತೂಗಿದಾಗ ಇನ್ನೂ ಒಂದು ಕಿಲೋ ಹೆಚ್ಚು!

"ಅದು ಹೇಗೆ?" ಎಂದು ತಿರುಗಿದರೆ, ಮೇಷ್ಟ್ರು ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

"ಪಾಪ, ಸರ್ ಹಸಿದಿದ್ರು, ನಾನೇ ಕೊಟ್ಟೆ" ಎಂದಳು ನಾದಿನಿ.

"ನಿನಗೆ ಬುದ್ಧಿ ಇದೆಯೇನೇ? ಇಲ್ಲಿಂದ ತೆಗೆದು ಅಲ್ಲಿಗೆ ತುಂಬಿದ್ದೀಯಲ್ಲ!"

ಕೊನೆಗೆ ಮೆಕ್ಯಾನಿಕ್ ವಿಮಾನದ ಸೀಟಿನ ಹಿಂದೆ ಕೈಹಾಕಿ ಒಂದು ಫ್ಲಾಸ್ಕು, ಒಂದು ದಿಂಬು, ಹಳೇ ಪೇಪರಿನ ಕಟ್ಟು ಹೊರಗೆಳೆದ. ಎಲ್ಲವೂ ಮೇಷ್ಟ್ರವು. ಡಾಕ್ಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಒಂದು ಕಿಲೋ ಇಳಿದು ಲೆಕ್ಕ ಸರಿಹೋಯಿತಲ್ಲ, ನುಂಗಿಕೊಂಡಳು.

ಮೂರು ಸುತ್ತೂ "ಮೂಗು ಇಳಿಸಿ, ಮೂಗು ಎತ್ತಿ, ಎತ್ತಬೇಡಿ ಅಂದ್ನಲ್ಲ" ಎಂಬ ಉಪದೇಶ ಒಡೆದ ನಲ್ಲಿಯಂತೆ ಸುರಿಯಿತು. ಅದರ ನಡುವೆಯೇ ವಿಮಾನ ಹೂವಿನಂತೆ ಇಳಿಯಿತು. "ಪರವಾಗಿಲ್ಲ, ಇನ್ನು ನೀವೊಬ್ರೇ" ಎಂದು ಮೇಷ್ಟ್ರು ಇಳಿದರು. ಬಾಗಿಲು ಮುಚ್ಚಿತು. ಆಹಾ, ಆ ನಿಶ್ಶಬ್ದ!

ಮೆಕ್ಯಾನಿಕ್ ಕೈಬೀಸುತ್ತ ಓಡಿಬಂದ. "ಮೇಡಂ, ಇಳೀರಿ! ನಿಮ್ಮೆದುರಿಗಿರೋ ಆ ಸೂಚನೆಯ ತಗಡು ಓದಿ. ಒಬ್ಬರೇ ಹಾರೋದಾದ್ರೆ ಇಷ್ಟಾದರೂ ತೂಕ ಇರಲೇಬೇಕು. ನಿಮ್ಮದು ಕಮ್ಮಿ!"

ಜಾಕೆಟ್ಟು, ಬೂಟು, ಬಳೆ, ಕೈಚೀಲ ಎಲ್ಲ ಮರಳಿ ಮೈಮೇಲೆ ಬಂದವು. ಆದರೂ ಮುಳ್ಳು ಬೇಕಾದ ತೂಕ ಮುಟ್ಟಲಿಲ್ಲ.

"ಆರು ತಿಂಗಳು ಉಪವಾಸ ಕೆಡವಿದ್ದು ಯಾರು? ಹೇಳಿ ಸರ್, ಯಾರು?" ಡಾಕ್ಟರಮ್ಮನ ದನಿಗೆ ಷೆಡ್ಡಿನ ತಗಡು ನಡುಗಿತು.

"ಒಂದು ಮರಳಿನ ಮೂಟೆ ಇಟ್ರೆ?" ಎಂದಳು ನಾದಿನಿ.

"ಮೇಲೆ ಹೋದ್ಮೇಲೆ ಉರುಳಿದ್ರೆ? ಬೆಲ್ಟ್ ಹಾಕ್ಕೊಂಡು ಅಲ್ಲಾಡದೆ ಕೂರೋ ಭಾರ ಬೇಕಮ್ಮ" ಎಂದರು ಮೇಷ್ಟ್ರು.

ಆಗ, ಆ ದಿನದಲ್ಲಿ ಮೊದಲ ಬಾರಿಗೆ, ಎಲ್ಲರೂ ಮೇಷ್ಟ್ರ ಹೊಟ್ಟೆಯತ್ತ ನೋಡಿದರು.

"ಪೆಟ್ರೋಲ್ ಉರಿದು ಹಗುರಾಗಿದೆ, ಈಗ ಇಬ್ರೂ ಕೂತ್ರೂ ಲೆಕ್ಕ ಸರಿಹೋಗುತ್ತೆ" ಎಂದ ಮೆಕ್ಯಾನಿಕ್.

ಮೇಷ್ಟ್ರು ಖುಷಿಯಿಂದ ಹತ್ತಿ ಬೆಲ್ಟ್ ಬಿಗಿದುಕೊಂಡರು. "ನೀವೊಬ್ರೇ ಇದ್ದೀರಿ ಅಂದ್ಕೊಳ್ಳಿ ಡಾಕ್ಟ್ರೇ. ನಾನು ಬರೀ ಮೂಟೆ."

ವಿಮಾನದ ಗಾಲಿ ಇನ್ನೂ ಒಂದು ಸುತ್ತು ಉರುಳಿರಲಿಲ್ಲ.

"ಎಡಗಾಲು ಒತ್ತಿ" ಎಂದಿತು ಮೂಟೆ.