ಹೆಂಡತಿಯನ್ನು ತಿರುಗಿಸುವ ವಿದ್ಯೆ

ಹದಿನಾಲ್ಕು ಚಕ್ರದ ಲಾರಿಯನ್ನು, ಎರಡೂ ಪಕ್ಕದಲ್ಲಿ ಒಂದೊಂದು ಗೇಣು ಮಾತ್ರ ಜಾಗ ಬಿಟ್ಟು, ಕೆಳಗೆ ನಿಂತೇ ಹಿಮ್ಮುಖವಾಗಿ ತರಿಸಿ ಗೋಡೌನಿನ ಬಾಗಿಲಿಗೆ ನಿಲ್ಲಿಸಬಲ್ಲ ಗಂಡಸು ನಾನು! ನೆಲಮಂಗಲದಲ್ಲಿ ನನ್ನ ಕೈಸನ್ನೆಗೆ ಪಂಜಾಬಿನ ಡ್ರೈವರುಗಳೂ ತಲೆಬಾಗುತ್ತಾರೆ. ಅಂಥವನಿಗೆ ಸ್ವಂತ ಹೆಂಡತಿಯನ್ನು ಒಂದು ಸುತ್ತು ತಿರುಗಿಸುವುದು ಯಾವ ಮಹಾ ವಿದ್ಯೆ?

ಈ ಧೈರ್ಯದಲ್ಲೇ ಭಾಮೈದ ಕೆಂಪರಾಜನಿಗೆ ಮಾತು ಕೊಟ್ಟುಬಿಟ್ಟೆ. "ನಿನ್ ರಿಸೆಪ್ಷನ್‌ನಲ್ಲಿ ನಾನೂ ನಿಮ್ಮಕ್ಕನೂ ಸಾಲ್ಸಾ ಡ್ಯಾನ್ಸ್ ಮಾಡ್ತೀವಿ ಕಣೋ. ಸ್ಟೇಜ್ ಖಾಲಿ ಇಡ್ಸು!"

ನನ್ನ ಹೆಂಡತಿ ಪ್ರಮೋದಾ ಅಂದೇ ತ್ಯಾಮಗೊಂಡ್ಲಿನ ತವರಿನ ಬಳಗಕ್ಕೆಲ್ಲ ಫೋನ್ ಮಾಡಿ ಸಾರಿದಳು. ಆಮೇಲೆ ನನ್ನ ಮುಂದೆ ನಿಂತು ಮೆಲ್ಲಗೆ ಹೇಳಿದಳು: "ಮದ್ವೆ ಆದಾಗಿನಿಂದ ನಾಕು ಜನರ ಮುಂದೆ ನನ್ನ ಕೈ ಹಿಡಿದೋರಲ್ಲ ನೀವು. ಇದೊಂದ್ಸಲ ಸರಿಯಾಗಿ ಹಿಡೀರಿ. ತವರುಮನೆಯೋರ ಮುಂದೆ ನಗೆಪಾಟಲು ಮಾಡ್ಬೇಡಿ."

ಟೈಲ್ಸ್ ಅಂಗಡಿಯ ಮಹಡಿಯ ಮೇಲೆ ನಮ್ಮ ಡ್ಯಾನ್ಸ್ ಕ್ಲಾಸು. ಬೇಸಿಕ್ ಬ್ಯಾಚನ್ನು ಹೇಗೋ ತೆವಳಿ ದಾಟಿ ಇಂಟರ್‌ಮೀಡಿಯೆಟ್ ತಲುಪಿದ್ದೆವು. ಇಲ್ಲಿ ಒಂದು ತಿರುವಿಗೆ ಇನ್ನೊಂದು ತಿರುವನ್ನು ಹೂವು ಕಟ್ಟಿದಂತೆ ಕಟ್ಟುತ್ತಾ ಹೋಗಬೇಕು. ಅದಕ್ಕೆ 'ಪ್ಯಾಟರ್ನ್' ಎಂದು ಹೆಸರು. ಮಾಸ್ಟರ್ ಸುನಿಲ್‌ಕುಮಾರ್ ಕಟ್ಟಪ್ಪಣೆ ಹೊರಡಿಸಿದ: "ಗಂಡಸ್ರು ಲೀಡ್ ಮಾಡ್ಬೇಕು, ಹೆಂಗಸ್ರು ಫಾಲೋ ಮಾಡ್ಬೇಕು. ಬಾಯಲ್ಲಿ ಹೇಳಂಗಿಲ್ಲ. ಕೈಯಲ್ಲೇ ತಿಳಿಸ್ಬೇಕು."

ಕೈಯಲ್ಲಿ ತಿಳಿಸುವುದೇ ನನ್ನ ಕಸುಬಲ್ಲವೇ! ಹಾಡು ಶುರುವಾಯಿತು. ಗತ್ತಿನಿಂದ ಕೈ ಬೀಸಿದೆ. ಪ್ರಮೋದಾ ಅಲುಗಲಿಲ್ಲ. ಗಾಬರಿಗೆ ನನ್ನ ಬಾಯಿಯೂ ಸಡಿಲವಾಯಿತು. "ಬರ್ಲಿ... ಬರ್ಲಿ... ಲೆಫ್ಟ್ ಕಟ್ ಮಾಡು... ಇನ್ನೊಂಚೂರು..." ಕೊನೆಗೆ, ದೇವರಾಣೆ, ನನಗೇ ತಿಳಿಯದಂತೆ ಅವಳ ಬೆನ್ನ ಮೇಲೆ ಪಟಪಟನೆ ತಟ್ಟಿ, "ಹೋಲ್ಡಾನ್!" ಎಂದು ಕೂಗಿದೆ.

ಇಡೀ ಕ್ಲಾಸು ನಿಂತುಬಿಟ್ಟಿತು.

"ನಾನೇನ್ರೀ ಲಾರಿನಾ?"

"ಅಭ್ಯಾಸ ಕಣೇ. ಕೈ ತಾನಾಗೇ ಹೋಗ್ಬಿಡ್ತು."

"ಆ ಕೈನ ಗೋಡೌನಲ್ಲೇ ಬಿಟ್ಟು ಬನ್ನಿ!"

ಹಾಡು ಬದಲಾದಂತೆ ಜೋಡಿಯೂ ಬದಲಾಗುವುದು ಅಲ್ಲಿಯ ಪದ್ಧತಿ. ನನ್ನ ಪಾಲಿಗೆ ಬ್ಯಾಂಕಿನ ಹುಡುಗಿ ಕೀರ್ತನ ಬಂದಳು. ಅವಳ ಬೆನ್ನಿಗೂ ಪಟಪಟ! "ಅಂಕಲ್, ಟೈರ್‌ನಲ್ಲಿ ಗಾಳಿ ಇದ್ಯಾ ನೋಡ್ಬಿಡಿ" ಎಂದು ಅವಳು ಕಿಸಕ್ಕನೆ ನಕ್ಕಳು.

ನಮ್ಮೂರಿನ ಗಂಡಂದಿರಲ್ಲಿ ಅರ್ಧ ಜನಕ್ಕೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು, ಕ್ಲಾಸಿಗೆ ಅವರ ಹೆಂಡತಿಯರಷ್ಟೇ ಬರುತ್ತಿದ್ದರು. ಗಂಡಸರು ಸಾಲದೆ ಮಾಸ್ಟರು ಪ್ರಮೋದಾಳಿಗೇ ಲೀಡ್ ಮಾಡಲು ಹೇಳಿಕೊಟ್ಟ. ಅವಳ ಬೆರಳ ತುದಿಯಲ್ಲಿ ಒಬ್ಬೊಬ್ಬ ಹೆಂಗಸೂ ಗಾಳಿಗೆ ಸಿಕ್ಕ ಹೊಂಗೆ ಹೂವಿನಂತೆ ಹಗುರಾಗಿ ತಿರುಗುತ್ತಿದ್ದಳು. ಹೊಟ್ಟೆ ಉರಿಯಿತೇ ಎಂದು ಕೇಳುತ್ತೀರಾ? ಉರಿಯಿತು!

ಛಲ ಹುಟ್ಟಿ ಅಡುಗೆಮನೆಯಲ್ಲೇ ಅಭ್ಯಾಸಕ್ಕಿಳಿದೆ. ಅವಳ ಕೈಯನ್ನು ಬೆನ್ನ ಹಿಂದೆ ಮಡಿಸಿ, ತಿರುಗಿಸಿ, ಬಿಚ್ಚಬೇಕಾದ ಪ್ಯಾಟರ್ನು ಅದು. ಮಡಿಸಿದೆ. ಅವಳ ಬದಲು ನಾನು ತಿರುಗಿದೆ. ನನ್ನ ಮೊಣಕೈ ಬಡಿದು ದೋಸೆಹಿಟ್ಟಿನ ಪಾತ್ರೆ ಹಾರಿತು. ಹಿಟ್ಟು ಫ್ರಿಜ್ಜಿನ ಮೇಲೆ, ಗೋಡೆಯ ಮೇಲೆ, ಪ್ರಮೋದಾಳ ತಲೆಯ ಮೇಲೆ!

"ರೀ, ಒಂದ್ ಕೆಲ್ಸ ಮಾಡೋಣ" ಎಂದಳು, ಹುಬ್ಬಿನ ಹಿಟ್ಟು ಒರೆಸಿಕೊಳ್ಳುತ್ತಾ. "ನಾನು ಲೀಡ್ ಮಾಡ್ತೀನಿ, ನೀವು ಸುಮ್ನೆ ನನ್ ಜೊತೆ ಬನ್ನಿ."

"ನಾನಾ? ಪ್ರಾಣ ಬೇಕಾದ್ರೂ ಬಿಡ್ತೀನಿ, ಸ್ಟೇರಿಂಗ್ ಮಾತ್ರ ಬಿಡಲ್ಲ!"

ರಿಸೆಪ್ಷನ್ ದಿನ ಬಂದೇ ಬಂತು. ತ್ಯಾಮಗೊಂಡ್ಲಿನ ಬಳಗವೆಲ್ಲ ಮೊಬೈಲು ಎತ್ತಿಕೊಂಡು ಕೂತಿತ್ತು. ಮೊದಲ ತಿರುವು ಸಲೀಸು. ಎರಡನೆಯದಕ್ಕೆ ಚಪ್ಪಾಳೆ. ಉಬ್ಬಿಹೋದೆ! ಮೂರನೆಯದರಲ್ಲಿ ಅವಳನ್ನು ತಿರುಗಿಸಿದೆ, ಉತ್ಸಾಹಕ್ಕೆ ನಾನೂ ತಿರುಗಿದೆ. ಅವಳ ಕೈ ನನ್ನ ಕತ್ತಿನ ಹಿಂದೆ, ನನ್ನ ಕೈ ಅವಳ ಬೆನ್ನ ಹಿಂದೆ, ನನ್ನ ವಾಚು ಅವಳ ಸೆರಗಿನ ಜರಿಯೊಳಗೆ. ಎಳೆದರೆ ಸೀರೆ ಹರಿಯುತ್ತದೆ, ಬಿಟ್ಟರೆ ನಾನು ಬೀಳುತ್ತೇನೆ! ಗಂಟು ಬಿದ್ದು ಕಂಬದಂತೆ ನಿಂತೆವು.

"ಸೂಪರ್ ಸರ್! ಹಂಗೇ ಇರಿ!" ಎಂದ ಫೋಟೋಗ್ರಾಫರ್.

ಅಷ್ಟು ಸಾಕಾಯಿತು. ಗಂಡುಹೆಣ್ಣಿನ ಜೊತೆ ಫೋಟೋಗೆಂದು ಸಾಲು ನಿಂತಿದ್ದವರು ಡ್ಯಾನ್ಸು ಮುಗಿಯಿತೆಂದುಕೊಂಡು ಸ್ಟೇಜು ಹತ್ತಿಬಿಟ್ಟರು! ನನ್ನ ಎಡಗಡೆ ಒಬ್ಬ ದೊಡ್ಡಮ್ಮ, ಬಲಗಡೆ ಮೊಮ್ಮಗುವನ್ನು ಎತ್ತಿಕೊಂಡ ಒಬ್ಬ ಯಜಮಾನರು. "ಎಲ್ರೂ ಈ ಕಡೆ ನೋಡಿ, ಸ್ಮೈಲ್!"

ಪ್ರಮೋದಾಳೂ ನಗುತ್ತಿದ್ದಳು. ಆದರೆ ಆ ನಗು ಮಾಸದಂತೆಯೇ ನನ್ನ ಕಿವಿಯಲ್ಲಿ ಹೇಳಿದಳು: "ಇದೊಂದ್ಸಲ ಸರಿಯಾಗಿ ಹಿಡೀರಿ ಅಂದಿದ್ನಲ್ರೀ." ದನಿಯಲ್ಲಿ ಅಳುವಿತ್ತು. ನನ್ನ ಜಂಬವೆಲ್ಲ ಕಾಲಡಿಯ ಕಾರ್ಪೆಟ್ಟಿಗೆ ಇಳಿದುಹೋಯಿತು.

"ತಗೊಳ್ಳೇ, ನೀನೇ ನಡ್ಸು" ಎಂದು ಪಿಸುಗುಟ್ಟಿದೆ.

ಅವಳು ನನ್ನ ಮಣಿಕಟ್ಟು ಹೊರಳಿಸಿ ಸೆರಗಿನಿಂದ ವಾಚು ಬಿಡಿಸಿದಳು. "ದೊಡ್ಡಮ್ಮ, ಒಂಚೂರು ಸರ್ಕೊಳ್ಳಿ" ಎಂದಳು. ಬೆರಳಿನಿಂದ ಒಂದೇ ಒಂದು ಒತ್ತು. ನಾನು ಹೊರಟೆ! ಅವಳ ಕೈ ಕೆಳಗೆ ನುಸುಳಿದೆ, ಬುಗುರಿಯಾದೆ, ಬಳ್ಳಿಯಾದೆ. ಕೊನೆಗೆ ಅವಳ ತೋಳಿನ ಮೇಲೆ ಹಿಂದಕ್ಕೆ ಬಾಗಿ ಮಲಗಿ ಛತ್ರದ ಫ್ಯಾನು ನೋಡಿದೆ! ತವರಿನ ಬಳಗ ಎದ್ದು ನಿಂತು ಶಿಳ್ಳೆ ಹೊಡೆಯಿತು. ಮೇಲೆ ಪ್ರಮೋದಾಳ ಮುಖ ದೀಪ ಹಚ್ಚಿಟ್ಟಂತೆ ಬೆಳಗುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೆವರೊರೆಸಿಕೊಳ್ಳುತ್ತಾ ಕೆಳಗಿಳಿದರೆ ಮಾವ ಅಪ್ಪಯ್ಯಣ್ಣನವರು ಎದುರಿಗೇ ನಿಂತಿದ್ದರು. ಊರಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾ, ಗಂಡಸರಿಗೆ ಹೆಣ್ಣುವೇಷ ಕಲಿಸುತ್ತಾ ಕೂದಲು ನೆರೆಸಿಕೊಂಡವರು ಅವರು. ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ಅಳಿಯಂದ್ರೇ, ಎಂಥಾ ಒನಪು! ಎಂಥಾ ಬಳುಕು! ಈ ಸಲ ನಾಟಕದಲ್ಲಿ ಮಹಾರಾಣಿ ಪಾರ್ಟು ಮಾಡೋಕೆ ಒಬ್ರೂ ಸಿಗ್ತಿಲ್ಲ ಅಂತ ನಿದ್ದೆ ಕೆಟ್ಟಿದ್ದೆ. ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ದೆ ನೋಡಿ!"

"ಮಾವ, ನಂಗೆ ಶಿಫ್ಟು..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಮೋದಾ ನನ್ನ ಭುಜದ ಮೇಲೆ ಕೈಯಿಟ್ಟಳು.

"ಮಾಡ್ತಾರಪ್ಪಾ. ಸೀರೆ ನಂದೇ ಕೊಡ್ತೀನಿ. ಮೀಸೆ ತೆಗೆಸೋ ಜವಾಬ್ದಾರಿನೂ ನಂದೇ!"