ಕುಂಕುಮ ಹಚ್ಚಿದ ಕಿವಿಯ ಮಿಷನ್ನು

ಇವತ್ತು ಆದ ಕೆಲಸಗಳು: ಬಾಗಿಲಿಗೆ ನೀರು ಹಾಕಿದ್ದು, ಹುರುಳಿಕಾಳು ನೆನೆಸಿದ್ದು, ನಮ್ಮನೆಯವರ ಅಂಗಿಗೆ ಗುಂಡಿ ಹೊಲಿದದ್ದು, ಅತ್ತೆಯ ತಲೆಗೆ ಎಣ್ಣೆ ಹಚ್ಚಿದ್ದು, ಆಮೇಲೆ ಹಾಂಗ್‌ಕಾಂಗ್‌ನವರ ಜೊತೆ ಜಗಳವಾಡಿದ್ದು. ಕೊನೆಯದು ಹಿರಿಯೂರಿನ ಹೆಂಗಸರ ದಿನಚರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾನಂತೂ ಬೀದಿ ನಲ್ಲಿಯ ಹತ್ತಿರವೂ ಜಗಳವಾಡಿದವಳಲ್ಲ; ಮುಂದಿನವರ ಕೊಡ ತುಂಬುವವರೆಗೆ ಸುಮ್ಮನೆ ನಿಲ್ಲುವವಳು. ಅತ್ತೆಯ ಕಿವಿಯ ಮಿಷನ್ನು ನನ್ನನ್ನು ಸಮುದ್ರದಾಚೆಗೆ ಜಗಳಕ್ಕೆ ಕಳಿಸಿತು.

ಅತ್ತೆಗೆ ಕಿವಿ ಮಂದವಾಗಿ ಬಹಳ ಕಾಲವಾಯಿತು. ಅದನ್ನೊಂದು ಕೊರತೆಯೆಂದು ಅವರು ಹೇಳಿದವರಲ್ಲ. ಆದರೆ ಹಾಲುರಾಮೇಶ್ವರದಲ್ಲಿರುವ ಅವರ ತಂಗಿ ಈ ವರ್ಷ ಹಾಸಿಗೆ ಹಿಡಿದರು. ಅಷ್ಟು ದೂರ ಬಸ್ಸಿನಲ್ಲಿ ಹೋಗಲು ಅತ್ತೆಯ ಮಂಡಿ ಬಿಡುವುದಿಲ್ಲ. ಸೋಮವಾರ ಸೋಮವಾರ ಫೋನ್ ಬರುತ್ತದೆ, ಬಂದರೂ ಇವರಿಗೆ ಕೇಳಿಸದು. 'ಅವಳ ದನಿ ಒಂದ್ಸಲ ಕಿವಿಗೆ ಬಿದ್ರೆ ಸಾಕಿತ್ತು' ಎಂದು ಒಂದು ದಿನ ಅಂದುಬಿಟ್ಟರು. ಎಂದೂ ಏನನ್ನೂ ಬೇಡದವರು ಬೇಡಿದರಲ್ಲ ಎಂದು ಮಗನಿಗೆ, ಎಂದರೆ ಮಾರಿಕಣಿವೆಯ ನೀರಾವರಿ ಆಫೀಸಿನ ಗುಮಾಸ್ತರಾದ ನಮ್ಮನೆಯವರಿಗೆ, ಅನ್ನ ಸೇರಲಿಲ್ಲ. ಬೀದಿ ಕೊನೆಯ ಇಂಟರ್‌ನೆಟ್ ಸೆಂಟರಿನ ಮಂಜಣ್ಣನನ್ನು ಹಿಡಿದು, ಅವನದೇ ಕಾರ್ಡಿನಲ್ಲಿ, ಹಾಂಗ್‌ಕಾಂಗ್‌ನ ಯಾವುದೋ ಅಂಗಡಿಯಿಂದ ಮಿಷನ್ನು ತರಿಸಿದರು. ಕಂಪ್ಯೂಟರಿನ ಚಿತ್ರದಲ್ಲಿ ಬಿಳಿ ಮುದುಕಿಯೊಬ್ಬಳು ಅದನ್ನು ಹಾಕಿಕೊಂಡು ನಗುತ್ತಿದ್ದಳು. ಆ ನಗುವಿಗೇ ಮನೆಮಂದಿಯೆಲ್ಲ ಮೋಸಹೋದೆವು.

ಪೊಟ್ಟಣ ಬಿಚ್ಚಿ ಸೆಲ್ ಹಾಕಿದಾಗಲೇ ಅದು ಕುಯ್ ಎಂದಿತು. ಹೊಸದಲ್ಲವೆ, ಪಳಗುತ್ತದೆ ಎಂದುಕೊಂಡು ದೇವರ ಮುಂದಿಟ್ಟೆವು. ನಮ್ಮಲ್ಲಿ ಯಾವ ಸಾಮಾನೂ ಪೂಜೆಯಾಗದೆ ಕೆಲಸಕ್ಕಿಳಿಯುವಂತಿಲ್ಲ. ಸ್ಕೂಟರಿಗೆ ಆಗಿದೆ, ಟಿವಿಗೆ ಆಗಿದೆ. ಮಿಕ್ಸಿಯ ಹೊಟ್ಟೆಯ ಮೇಲೆ ವಿಭೂತಿಪಟ್ಟೆ ಇಂದಿಗೂ ಇದೆ. ಕಡಲೆಬೀಜದಷ್ಟು ಮಿಷನ್ನಿಗೆ ಹಣೆ ಯಾವುದೆಂದು ತಿಳಿಯದೆ ಇಡೀ ಮೈಗೇ ಅರಿಶಿನ ಕುಂಕುಮ ಹಚ್ಚಿದೆ. ಮಾರನೆಯ ದಿನ ಅದು ಅತ್ತೆಯ ಕಿವಿಯಲ್ಲಿ ಎಷ್ಟು ಜೋರಾಗಿ ಸಿಳ್ಳೆ ಹಾಕಿತೆಂದರೆ, ಕುಕ್ಕರ್ ಕೂಗಿತೆಂದು ನಾನು ಒಲೆ ಆರಿಸಿಬಿಟ್ಟೆ. ಬೇಳೆ ಬೇಯಲಿಲ್ಲ. ಸಂಜೆಯ ಹೊತ್ತಿಗೆ ಸಿಳ್ಳೆಯೂ ನಿಂತು ಮಿಷನ್ನು ಪೂರ್ತಿ ಮೂಕವಾಯಿತು.

ಗ್ರಾಹಕನೇ ದೊರೆ ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಧೈರ್ಯದಿಂದ ಮಂಜಣ್ಣನ ಕೈಲಿ ದೂರು ಬರೆಸಿದೆ. ಫೋಟೋ ಕಳಿಸಿ ಎಂದರು, ಕಳಿಸಿದೆವು. ಇವತ್ತು ಉತ್ತರ ಬಂತು, ಮಂಜಣ್ಣ ಓದಿ ಹೇಳಿದ.

"ಮಿಷನ್ ಮೇಲೆ ಕೆಂಪಗೆ ಏನೋ ಐತಂತೆ ಅಕ್ಕ. ಯಾವ ಕೆಮಿಕಲ್ ಅಂತ ಕೇಳ್ಯಾರೆ."

"ಕುಂಕುಮ ಅಂತ ಬರಿಯಪ್ಪ. ಮೊದ್ಲೇ ಕೆಟ್ಟಿತ್ತು ಅಂತಾನೂ ಬರಿ."

ಬರೆದ. ಕಾಯುತ್ತ ಕುಳಿತೆವು. ಒಳಕ್ಕೆ ಪುಡಿ ಹೋದ ಸಾಮಾನಿಗೆ ಗ್ಯಾರಂಟಿ ಇಲ್ಲ, ಇನ್ನು ಬರೆಯಬೇಡಿ ಎಂದು ಉತ್ತರ ಬಂತು. ಪಕ್ಕದ ಬೀದಿಯ ವಕೀಲರ ಮನೆಗೂ ಹೋದೆ. ಅವರು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ದುರ್ಗದ ಅಂಗಡಿ ಆಗಿದ್ರೆ ಗ್ರಾಹಕರ ಕೋರ್ಟಿಗೆ ಎಳ್ಕಂಡು ಬರ್ತಿದ್ದೆ ಕಣಮ್ಮ. ಇದ್ರಾಗೆ ಅಡ್ರೆಸ್ಸೇ ಇಲ್ಲ. ನೋಟೀಸು ಯಾರ ಬಾಗ್ಲಿಗೆ ಅಂಟಿಸಾಣ?" ಎಂದು ಕಾಫಿ ಕೊಟ್ಟು ಕಳಿಸಿದರು. ದೊರೆ ನಡೆದುಕೊಂಡು ಮನೆಗೆ ಬಂದಳು.

ಇವತ್ತು ಸೋಮವಾರ. ಸಂಜೆ ಫೋನ್ ಬಂತು. ಮಗ ತಂದದ್ದೆಂದು ಅತ್ತೆ ಆ ಮೂಕ ಮಿಷನ್ನನ್ನು ಇನ್ನೂ ತೆಗೆದಿಟ್ಟಿಲ್ಲ. ಅದರ ಮೇಲೇ ರಿಸೀವರ್ ಒತ್ತಿಕೊಂಡರು. ಪಕ್ಕದಲ್ಲಿ ಕಾಳು ಸೋಸುತ್ತಿದ್ದ ನನಗೆ ಆ ಕಡೆಯ ದನಿ ಸಣ್ಣಗೆ ಕೇಳುತ್ತಿತ್ತು.

"ಅಕ್ಕಾ, ಈ ಸಲ ನಾನು ಉಳಿಯಂಗಿಲ್ಲ ಕಣೆ."

"ಒಳ್ಳೇದಾತು ಬಿಡು, ಹಂಗೇ ಮಾಡು," ಎಂದರು ಅತ್ತೆ, ನಗುತ್ತ.

ಆ ಕಡೆ ಕೆಮ್ಮಿದ ಸದ್ದು. ಆಮೇಲೆ, "ಮಿಷನ್ ಚೆನ್ನಾಗೈತೇನಕ್ಕ?"

"ಹೂಂ, ನೀನು ಇಲ್ಲೇ ಕುಂತಂಗೈತೆ," ಎಂದರು ಅತ್ತೆ, ಅಂದಾಜಿನಲ್ಲೇ.

ಫೋನ್ ಇಟ್ಟ ಮೇಲೆ ಅತ್ತೆ, ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಗನ ಕಡೆ ಒಮ್ಮೆ ನೋಡಿ, ನನ್ನ ಸೆರಗೆಳೆದು, ಗುಟ್ಟಾಗಿ ಕೇಳಿದರು: "ಏನಂದ್ಲೇ ಅವಳು?"

ಹಾಂಗ್‌ಕಾಂಗಿಗೆ ಅಷ್ಟೆಲ್ಲ ಹೇಳಿಬಂದ ಬಾಯಿಗೆ ಇಲ್ಲಿ ನಿಜ ಹೇಳಲಾಗಲಿಲ್ಲ. "ಹಬ್ಬಕ್ಕೆ ಬರ್ತಾರಂತೆ ಅತ್ತೆ" ಎಂದು ಅವರ ಕಿವಿಯಲ್ಲಿ ಕೂಗಿದೆ. ಹೇಳಬೇಕಾದದ್ದನ್ನು ಹೇಳದ ಮಿಷನ್ನು ಮನೆಯಲ್ಲಿ ಇನ್ನೂ ಒಂದಿದೆ. ಅದರ ಹಣೆಗೂ ಕುಂಕುಮವಿದೆ, ಅದನ್ನೂ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅತ್ತೆ ಎಂದೂ ಇಲ್ಲದ ಹಾಗೆ ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ಮೊದಲು ಮಲಗಿದವರೂ ಅವರೇ.